ಕುರುಂಗಿನಲ್ಲಿ ಎಂಜಿನ್ ಓಡುತ್ತಿತ್ತು

ಕುರುಂಗ್,
ನವೆಂಬರ್ ೧೬, ೧೯೯೭

ಜೊಗೂರ್,

ನನ್ನ ಕೈಬರಹ ಕಂಡು ಎದೆ ಹಿಡಿದುಕೊಳ್ಳಬೇಡ. ನಿನ್ನ ಅವ್ವ ಸತ್ತಿಲ್ಲ. ಎರಡು ವರ್ಷದಿಂದ ನಿನಗೆ ಒಂದು ಸಾಲೂ ಬರೆಯದವಳು ಈಗ ಬರೆಯುತ್ತಿರುವುದು ಅವರು ಬದುಕಿದ್ದಾರೆ ಎಂಬ ಕಾರಣಕ್ಕೆ.

ಗಣಿ ಮುಚ್ಚಿದ್ದು ನಿನಗೆ ಗೊತ್ತು. ಈಗ ಊರನ್ನೇ ಮುಚ್ಚುತ್ತಿದ್ದಾರೆ. ಜಿಲ್ಲಾ ಕಚೇರಿಯವನೊಬ್ಬ ಬಂದು ಶಾಲೆಯ ಅಂಗಳದಲ್ಲಿ ನಿಂತು ಆದೇಶ ಓದಿ ಹೋದ. ಮನೆಗಳಿಗೆ ಬಿಸಿನೀರು ಹರಿಸುವ ಬಾಯ್ಲರಿಗೆ ಇರುವ ಕಲ್ಲಿದ್ದಲು ಮಾರ್ಚ್ ಕೊನೆಯವರೆಗೆ ಮಾತ್ರವಂತೆ. ಹೊಸದು ತರಿಸುವುದಿಲ್ಲವಂತೆ. ಹೆಪ್ಪುಗಟ್ಟಿದ ನದಿಯ ಮೇಲಿನ ಹಿಮದಾರಿ ಗಟ್ಟಿಯಾಗಿರುವಾಗಲೇ ಎಲ್ಲರೂ ಜಾಗ ಖಾಲಿ ಮಾಡಬೇಕು. ಕಳೆದ ವಾರ ಬಸ್ಸೂ ಬಂತು. ಊರಿಗೆ ಊರೇ ಗಂಟುಮೂಟೆ ಕಟ್ಟಿ ಹತ್ತಿತು.

ಅತ್ತೆಯನ್ನೂ ಎತ್ತಿಕೊಂಡು ಹೋದೆವು. ಸೆಪ್ಟೆಂಬರಿನಲ್ಲಿ ಅವರು ಹೊಸಿಲ ಮುಂದಿನ ಮಂಜುಗಡ್ಡೆಯ ಮೇಲೆ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಾರೆ. ಅದು ಕೂಡಿಕೊಂಡಿಲ್ಲ. ಮಲಗಿದ್ದರೆ ಸರಿ, ಕೂರಿಸಿದರೆ ಪ್ರಾಣ ಹೋಗುತ್ತದೆ. ಬಸ್ಸಿನ ಎರಡನೇ ಮೆಟ್ಟಿಲಲ್ಲೇ ಕಿರುಚಿಕೊಂಡರು: "ಇಳಿಸ್ರೋ ನನ್ನ! ಇಲ್ಲೇ ಸಾಯ್ತೀನಿ, ನಿಮ್ಮ ಬಸ್ಸಲ್ಲಿ ಯಾಕ್ರೋ ಸಾಯ್ಲಿ, ಟಿಕೆಟ್ ಬೇರೆ ದಂಡ!" ಇಳಿಸಿದೆವು. ನಾನೂ ಇಳಿದೆ. ಬಸ್ಸು ಹೋಯಿತು.

ಹಾದುಹೋಗುವ ಲಾರಿಗಳಲ್ಲಿ ಕೂರುವುದಕ್ಕಷ್ಟೇ ಜಾಗ. ಮಲಗಿಸಬೇಕೆಂದರೆ ಹಿಂದೆ, ಈ ಚಳಿಯಲ್ಲಿ, ಹೆಪ್ಪುಗಟ್ಟಿದ ಮೀನಿನ ಮೂಟೆಗಳ ಮೇಲೆ. ಒಲೆ, ಹಲಗೆಮಂಚ ಇರುವ ಕೋಣೆಯನ್ನು ಬೆನ್ನಿಗೆ ಕಟ್ಟಿಕೊಂಡಿರುವ ಲಾರಿ ಈ ಸೀಮೆಯಲ್ಲಿ ಒಂದೇ. ನೀನು ಕಟ್ಟಿದ್ದು. ಅದು ಶೆಡ್ಡಿನಲ್ಲೇ ಇದೆ, ನೀನು ಬಿಟ್ಟುಹೋದ ಉಳಿದ ಸಾಮಾನುಗಳ ಹಾಗೆ.

ಅಕ್ಟೋಬರಿನಲ್ಲಿ ಒಮ್ಮೆ ಹೊತ್ತಿಸಿದರೆ ಮೇ ತನಕ ನೀನು ಅದರ ಎಂಜಿನ್ ಆರಿಸುತ್ತಿರಲಿಲ್ಲ. ಹಾಗಾಗಿ ಚಳಿಯಲ್ಲಿ ಹೊತ್ತಿಸುವುದು ಹೇಗೆಂದು ನಾನು ನೋಡಿಯೇ ಇಲ್ಲ. ಪಕ್ಕದ ಮನೆಯ ಮಿತೆರೈ ಮಾವ ಉಳಿದಿದ್ದಾರೆ, ನಿನಗೆ ಸ್ಟಿಯರಿಂಗ್ ಹಿಡಿಸಿದವರು. ಅವರ ಕಣ್ಣಿಗೆ ಪೊರೆ ಬಂದಿದೆ, ಓಡಿಸಲಾರರು. ಕೈ ಮಾತ್ರ ಇನ್ನೂ ಗಟ್ಟಿ. "ಅವನ ಗಾಡಿ ಅವನಿಗೇ ಬಗ್ಗೋದು ಕಣಮ್ಮ, ಅದರ ಮೊಂಡಾಟ ನಂಗೇನ್ ಗೊತ್ತು, ಅವನ್ನೇ ಕೇಳು" ಎಂದರು. ಕೇಳುತ್ತಿದ್ದೇನೆ.

ನೀನು ಯಾಕೆ ಹೋದೆ ಎಂದು ಕೇಳುತ್ತಿಲ್ಲ. ಲಾರಿ ಹೊತ್ತಿಸುವುದು ಹೇಗೆ ಎಂದು ಮಾತ್ರ ಬರೆ.

ಆನಿಸ್

*

ಯಾಕುತ್ಸ್ಕ್,
ಡಿಸೆಂಬರ್ ೭

ಆನಿಸ್‌ಗೆ,

ಕಾಗದ ಮೊನ್ನೆ ತಲುಪಿತು. ಅವ್ವ ಬಿದ್ದದ್ದು ನನಗೆ ಯಾರೂ ಹೇಳಿರಲಿಲ್ಲ. ನಾನೂ ಯಾರನ್ನೂ ಕೇಳಿರಲಿಲ್ಲ.

ಇಲ್ಲಿ ಒಂದು ಹಾಸ್ಟೆಲಿನ ಬಾಯ್ಲರಿಗೆ ಕಲ್ಲಿದ್ದಲು ಎರಚುವ ಕೆಲಸ ಮಾಡುತ್ತೇನೆ. ಲಾರಿ ಮುಟ್ಟಿ ಬಹಳ ದಿನವಾಯಿತು. ಕೇಳಿದ್ದಕ್ಕೆ ಬರೆಯುತ್ತೇನೆ, ಮಿತೆರೈ ಮಾವನಿಗೆ ಓದಿ ಹೇಳು.

ಬ್ಯಾಟರಿಗಳನ್ನು ಈಗಲೇ ಬಿಚ್ಚಿ ಮನೆಯೊಳಗೆ ತಾ. ಅವ್ವನ ಮಂಚದ ಕೆಳಗಿಡು, ಅಲ್ಲೇ ಬೆಚ್ಚಗಿರುವುದು. ಹೊತ್ತಿಸುವ ಗಳಿಗೆಯಲ್ಲಿ ಎಲ್ಲಕ್ಕಿಂತ ಕೊನೆಗೆ ತೆಗೆದುಕೊಂಡು ಹೋಗಬೇಕು. ಎಂಜಿನ್ ಆಯಿಲ್ ಈಗ ಡಾಂಬರಾಗಿರುತ್ತದೆ. ಎಂಜಿನ್ನಿನ ಹೊಟ್ಟೆಯ ಕೆಳಗೆ ಉರಿ ಉಗುಳುವ ಬ್ಲೋ ಲ್ಯಾಂಪ್ ಇಟ್ಟು ನಿಧಾನವಾಗಿ ಕಾಯಿಸಬೇಕು. ಮೇಲಿಂದ ಕಂಬಳಿ, ಹಾಸಿಗೆ, ಏನಿದೆಯೋ ಎಲ್ಲ ಹೊದಿಸಿ. ಆತುರ ಮಾಡಿದರೆ ಬೆಂಕಿ ಹತ್ತಿಕೊಳ್ಳುತ್ತದೆ.

ಆಮೇಲೆ ನೀರು. ಕೆಳಗಿನ ನಲ್ಲಿ ತೆರೆದಿಟ್ಟೇ ರೇಡಿಯೇಟರಿಗೆ ಕುದಿನೀರು ಹೊಯ್ಯಬೇಕು. ಹೊಯ್ದದ್ದೆಲ್ಲ ಹರಿದುಹೋಗುತ್ತದೆ, ಹೋಗಲಿ. ಕೆಳಗೆ ಬರುವ ನೀರು ಕೈಗೆ ಬಿಸಿ ತಾಗಿದ ಮೇಲೆ ಮಾತ್ರ ನಲ್ಲಿ ಮುಚ್ಚಬೇಕು. ಮೊದಲೇ ಮುಚ್ಚಿದರೆ ಒಳಗೆ ಹೆಪ್ಪುಗಟ್ಟಿ ಎಂಜಿನ್ ಸೀಳುತ್ತದೆ. ನಲ್ಲಿಯೊಳಗೆ ತಂತಿ ಆಡಿಸಿ ನೋಡಿ, ತುಕ್ಕು ಕಟ್ಟಿರುತ್ತದೆ.

ಗಣಿಯ ಹಿಂದೆ ಡೀಸೆಲ್ ಡ್ರಮ್ಮುಗಳಿರಬಹುದು. ಬೇಸಿಗೆಯ ಡೀಸೆಲ್ ಬೇಡ, ಗಂಜಿಯಾಗುತ್ತದೆ.

ಇದಕ್ಕಿಂತ ಮುಖ್ಯವಾದ ಮಾತು. ಓಡಿಸುವವನು ಬಂದು ಸೀಟಿನಲ್ಲಿ ಕೂರುವ ತನಕ ಹೊತ್ತಿಸಬೇಡ. ಹೊತ್ತಿದ ಮೇಲೆ ಆರಿಸುವ ಹಾಗಿಲ್ಲ. ಆ ಹಳೆಯ ಬ್ಯಾಟರಿಗಳು ಒಂದು ಸಲಕ್ಕಿಂತ ಹೆಚ್ಚು ಕೊಡಲಾರವು. ನಿಂತ ಲಾರಿಯೂ ಡೀಸೆಲ್ ಕುಡಿಯುತ್ತದೆ. ನಮ್ಮಲ್ಲಿ ಚಾಲಕನಿಲ್ಲದೆ ಯಾರೂ ಎಂಜಿನ್ ಹೊತ್ತಿಸುವುದಿಲ್ಲ, ಅದು ನಿನಗೂ ಗೊತ್ತು.

ಅವ್ವ ನನ್ನ ಬಗ್ಗೆ ಕೇಳುತ್ತಾಳೆಯೇ?

ಜೊಗೂರ್

*

ಕುರುಂಗ್,
ಜನವರಿ ೮, ೧೯೯೮

ಜೊಗೂರ್,

ಕೇಳುತ್ತಾರೆ. ದಿನಾ ಕೇಳುತ್ತಾರೆ. ನೀನು ಬೇರೆಯವರ ಲಾರಿಯಲ್ಲಿ ದಕ್ಷಿಣದ ಕಡೆ ದೂರದ ಬಾಡಿಗೆಗೆ ಹೋಗಿದ್ದೀಯ ಎಂದು ಹೇಳಿಕೊಂಡು ಬಂದಿದ್ದೇನೆ. ಎರಡು ವರ್ಷದ ಬಾಡಿಗೆ. "ಅಷ್ಟು ದೂರ ಏನ್ ಹೊರೋಕೆ ಹೋದ್ನೇ?" ಎನ್ನುತ್ತಾರೆ. ನನಗೂ ಗೊತ್ತಿಲ್ಲ ಎನ್ನುತ್ತೇನೆ, ಅದು ಸುಳ್ಳಲ್ಲ.

ಲಾರಿಯನ್ನು ಹೊತ್ತಿಸಿ ನೋಡಿದೆವು. ಚಾಲಕನಿಲ್ಲದೆ ಬೇಡ ಎಂದಿದ್ದೀಯ. ಆದರೆ ಅದು ಹೊತ್ತುತ್ತದೋ ಇಲ್ಲವೋ ಗೊತ್ತಾಗದೆ ಯಾವ ಚಾಲಕನನ್ನು ಎಲ್ಲಿಂದ ಕರೆಯಲಿ? ಕಾಯಿಸಿದೆವು, ನೀರು ಹೊಯ್ದೆವು. ಮೂರನೆಯ ಬಕೆಟ್ಟಿಗೇ ನನ್ನ ಕೈಗವಸು ಬಕೆಟ್ಟಿನ ಹಿಡಿಗೆ ಅಂಟಿಕೊಂಡಿತು. ಮಿತೆರೈ ಮಾವ ಲಾರಿಯ ಕೆಳಗೆ ಮಲಗಿಕೊಂಡು ನಿನ್ನ ವಂಶವನ್ನೆಲ್ಲ ಜಾಲಾಡಿದರು: "ಥೂ ನಿನ್ನ! ಹೆಂಡ್ತಿ ಬಿಟ್ಟೋದವ್ನು ನಲ್ಲಿಗೊಂದು ಎಣ್ಣೆನಾದ್ರೂ ಹಾಕಿ ಹೋಗ್ಬಾರ್ದಾ? ತಂತಿ ಕೊಡಮ್ಮ! ಇದಲ್ಲ, ದಪ್ಪಂದು!"

ಎಂಜಿನ್ ಎರಡು ಸಲ ಕೆಮ್ಮಿತು. ಬಿಳಿ ಹೊಗೆ ಉಗುಳಿತು. ಆಮೇಲೆ ಏನೂ ಇಲ್ಲ. ಗಣಿಯ ಡ್ರಮ್ಮಿನ ಡೀಸೆಲ್ ಬೇಸಿಗೆಯದ್ದಾಗಿತ್ತು, ಕೊಳವೆಯೊಳಗೆ ಮೇಣವಾಗಿ ಕೂತಿತ್ತು. ಮಾವ ಕೂಡಲೇ ನೀರೆಲ್ಲ ಬಸಿದುಬಿಟ್ಟರು, ಇಲ್ಲದಿದ್ದರೆ ಅವತ್ತೇ ಎಂಜಿನ್ ಸೀಳುತ್ತಿತ್ತು. ನಾನು ಬ್ಯಾಟರಿ ಹೊತ್ತುಕೊಂಡು ಒಳಗೆ ಬಂದು, ಅತ್ತೆ ನೋಡದ ಹಾಗೆ ಅಡುಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಅಳುವಷ್ಟು ದೊಡ್ಡ ವಿಷಯವೇನಲ್ಲ, ಬರೀ ಲಾರಿ. ಆದರೂ ಅಳು ಬಂತು.

ಈಗ ಗುಡ್ಡದಾಚೆಯ ಒಬ್ಬರಿಂದ ಚಳಿಗಾಲದ ಡೀಸೆಲ್ ಸಿಕ್ಕಿದೆ. ನನ್ನ ಹೊಲಿಗೆ ಯಂತ್ರ, ನಿನ್ನ ಬಂದೂಕು ಎರಡೂ ಹೋದವು. ನಗರದವರೆಗೆ ಹೋಗಲು ಸಾಕು, ಸುತ್ತಾಡಲು ಸಾಲದು.

ಇನ್ನು ಓಡಿಸುವವನ ಮಾತು. ಗಂಡಸರಿಗೆ ಬರ ಬಂದಿದೆ ಎಂದುಕೊಳ್ಳಬೇಡ. ಗುಡ್ಡದಾಚೆ ಒಬ್ಬ ಇದ್ದಾನೆ. ಒಳ್ಳೇ ಎತ್ತರದ ಆಳು, ಕುಡಿಯುವುದಿಲ್ಲ, ನಾನು ಹೂಂ ಅಂದರೆ ನಾಳೆಯೇ ಬಂದು ಕೂರುತ್ತಾನಂತೆ. ನೋಡುತ್ತಿದ್ದೇನೆ.

ಆನಿಸ್

*

ಯಾಕುತ್ಸ್ಕ್,
ಜನವರಿ ೩೦

ಆನಿಸ್,

ಆ ಎತ್ತರದ ಆಳಿಗೆ ಹೂಂ ಅನ್ನಬೇಡ. ನನ್ನ ಲಾರಿಯ ಕ್ಲಚ್ ಬೇರೆಯವರ ಕಾಲಿಗೆ ಕೇಳುವುದಿಲ್ಲ. ಅವ್ವನನ್ನು ಹಿಂದೆ ಮಲಗಿಸಿಕೊಂಡು ಹಿಮದಾರಿಯಲ್ಲಿ ಗೊತ್ತಿಲ್ಲದವನು ಓಡಿಸುವುದು ಬೇಡ.

ನಾನೇ ಬರುತ್ತೇನೆ. ಮೂರು ದಿನದ ರಜೆ ಬೇಡಿ ಹಲ್ಲು ಗಿಂಜಿ ಐದು ದಿನ ಮಾಡಿಸಿಕೊಂಡಿದ್ದೇನೆ. ಕೆಸ್ಕಿಲ್ ಎಂಬ ಚಾಲಕ ಹಿಟ್ಟು ಹೇರಿಕೊಂಡು ನಿಮ್ಮ ಕಡೆ ಬರುತ್ತಾನೆ, ಅವನ ಜೊತೆ. ಫೆಬ್ರವರಿ ಇಪ್ಪತ್ತರ ಆಸುಪಾಸಿಗೆ ನದಿಯ ತಿರುವಿನಲ್ಲಿ ಇಳಿಸುತ್ತಾನೆ. ಬಂದ ಮೇಲೆ ನಾನೇ ಹೊತ್ತಿಸುತ್ತೇನೆ. ಅಲ್ಲಿಯವರೆಗೆ ನೀವು ಯಾರೂ ಮುಟ್ಟಬೇಡಿ.

ನನ್ನ ಜೊತೆ ಇಲ್ಲಿ ಯಾರಾದರೂ ಇದ್ದಾರೋ ಎಂದು ನೀನು ಕೇಳಿಲ್ಲ. ಇದ್ದಳು. ಈಗ ಇಲ್ಲ. ಹಾಸ್ಟೆಲಿನ ಕೋಣೆಯಲ್ಲಿ ಎರಡು ಮಂಚವಿದೆ, ಒಂದರ ಮೇಲೆ ಅವ್ವನನ್ನು ಮಲಗಿಸಬಹುದು. ಆಸ್ಪತ್ರೆ ಎದುರಿಗೇ ಇದೆ. ನೀನು ಏನು ಮಾಡುತ್ತೀಯೋ ಅದು ನಿನ್ನಿಷ್ಟ. ಇರುವುದಾದರೆ ನಾನು ನೆಲದ ಮೇಲೆ ಮಲಗುತ್ತೇನೆ.

ನಿನ್ನ ಮುಖ ಹೇಗೆ ನೋಡಲಿ ಎಂಬುದೊಂದೇ ನನಗೆ ತಿಳಿಯುತ್ತಿಲ್ಲ.

ಜೊಗೂರ್

*

ಕುರುಂಗ್,
ಫೆಬ್ರವರಿ ೧೯

ಜೊಗೂರ್,

ಈ ಕಾಗದ ನಿನಗೆ ತಲುಪುವುದರೊಳಗೆ ನೀನೇ ಇಲ್ಲಿರುತ್ತೀಯ. ಆದರೂ ನಗರದ ಕಡೆ ಹೋಗುವ ಲಾರಿಯೊಂದು ನಿಂತಿದೆ, ಕೈ ಸುಮ್ಮನಿರುತ್ತಿಲ್ಲ.

ಹೊತ್ತಿತು! ಬೈಯಬೇಡ. ನೀನು ಬಂದ ಮೇಲೆ ಕಾಯಿಸುತ್ತಾ ಕೂತರೆ ರಜೆಯ ಒಂದು ದಿನ ಶೆಡ್ಡಿನಲ್ಲೇ ಮುಗಿಯುತ್ತದೆ. ಬಂದವನು ಹತ್ತಿ ಕೂತು ಹೊರಡಲಿ ಎಂದು ನಿನ್ನೆ ನಾನೂ ಮಾವನೂ ಬೆಳಗಿನಿಂದ ಹಿಡಿದೆವು. ಹೊಸ ಡೀಸೆಲ್, ಮಂಚದ ಕೆಳಗೆ ಬೆಚ್ಚಗಿದ್ದು ಕೊನೆಯ ಕಸುವು ಉಳಿಸಿಕೊಂಡಿದ್ದ ಬ್ಯಾಟರಿ. ಮಾವ ಕ್ಯಾಬಿನ್ನಿನಲ್ಲಿ, ನಾನು ಕೆಳಗೆ. ಮೊದಲು ಎಂಜಿನ್ನಿನ ಒಂದು ಕಡೆ ಮಾತ್ರ ಹಿಡಿಯಿತು, ಲಾರಿಗೆ ಲಾರಿಯೇ ನಡುಗಿತು. ಆಮೇಲೆ ಎಲ್ಲ ಕಡೆಯೂ ಹಿಡಿದು ಆ ಸದ್ದು ಬಂತು ನೋಡು, ನಿನ್ನ ಕಾಲದ ಸದ್ದು! ಮಾವ ಕೂತಲ್ಲೇ ಕೂಗಿಕೊಂಡರು: "ಬಂತು ಕಣಮ್ಮೋ ಈ ಮುದುಕಿ ಗಾಡಿಗೆ ಜೀವ! ಇನ್ನು ನಿನ್ನ ಗಂಡಂಗೆ ಯಾವ ನೆಪಾನೂ ಇಲ್ಲ!"

ಒಳಗೆ ಓಡಿ ಬಂದರೆ ಅತ್ತೆ ತಲೆ ಎತ್ತಿ ಕಿವಿಗೊಟ್ಟಿದ್ದರು. ಮುಖ ಕೆಂಪಗಾಗಿತ್ತು. "ಜೊಗೂರ್ ಬಂದ್ನಾ?" ಎಂದರು. ಇಲ್ಲ, ನಾಳೆ ನಾಡಿದ್ದರಲ್ಲಿ ಎನ್ನಲು ನಾಲಿಗೆ ಬರಲಿಲ್ಲ. "ಬಂದ, ಗಾಡಿ ಬಿಸಿ ಮಾಡ್ತಾ ಇದಾನೆ" ಎಂದುಬಿಟ್ಟೆ. ಬೆಣ್ಣೆ ಸವರಿದ ರೊಟ್ಟಿಯ ತುಂಡು ಕೇಳಿ ಇಸಿದುಕೊಂಡು, ದಾರಿ ಸುಸೂತ್ರವಾಗಲಿ ಎಂದು ಅಡುಗೆ ಒಲೆಯ ಬೆಂಕಿಗೆ ಹಾಕಿಸಿದರು. ಎರಡು ದಿನದ ಸುಳ್ಳು ತಾನೇ, ನೀನು ಬಂದರೆ ನಿಜವಾಗುತ್ತದೆ.

ಇನ್ನೊಂದು ಮಾತು. ಗುಡ್ಡದಾಚೆಯ ಎತ್ತರದ ಆಳು ಅಂತ ಯಾರೂ ಇಲ್ಲ, ಪೆದ್ದ. ನಿನಗೆ ಉರಿಯಲಿ ಎಂದು ಬರೆದೆ. ಉರಿಯಿತಲ್ಲ?

ಆ ನೆಲದ ಮೇಲೆ ಮಲಗುವ ವಿಷಯ, ನೋಡೋಣ.

ಆನಿಸ್

*

ನದಿದಾರಿಯ ಚಹಾದಂಗಡಿ,
ಫೆಬ್ರವರಿ ೨೧

ಆನಿಸ್,

ಕೆಸ್ಕಿಲ್ ಊಟ ಮಾಡುತ್ತಿದ್ದಾನೆ, ಅಷ್ಟರಲ್ಲಿ ಬರೆದು ಮುಗಿಸುತ್ತೇನೆ. ನಿಮ್ಮ ಕಡೆ ಬರುವ ಯಾರ ಕೈಗಾದರೂ ಕೊಡಲು ಅಂಗಡಿಯವಳ ಹತ್ತಿರ ಬಿಟ್ಟು ಹೋಗುತ್ತೇನೆ.

ನಾನು ಬಂದಿದ್ದೆ. ನಿನ್ನೆ ಬೆಳಿಗ್ಗೆ ತಿರುವಿನಲ್ಲಿ ಇಳಿದೆ. ಹಿಟ್ಟು ಪಕ್ಕದ ಊರಲ್ಲಿ ಇಳಿಸಿ ವಾಪಸು ಬರುವಾಗ ಹಾರ್ನ್ ಮಾಡುತ್ತೇನೆ, ಬೇಕಾದರೆ ಬಾ, ಬೇಡವಾದರೆ ಇರು ಎಂದು ಕೆಸ್ಕಿಲ್ ಹೇಳಿ ಹೋದ. ದಂಡೆ ಹತ್ತಿದೆ. ಹತ್ತುವಾಗಲೇ ಸದ್ದು ಕೇಳಿಸಿತು. ನನ್ನ ಎಂಜಿನ್. ಶೆಡ್ಡಿನ ಮೇಲೆ ಹೊಗೆ ನೆಟ್ಟಗೆ ನಿಂತಿತ್ತು.

ಓಡುತ್ತಿರುವ ಎಂಜಿನ್ನಿಗೆ ಚಾಲಕ ಇರುತ್ತಾನೆ. ಆದರೂ ಇನ್ನೊಂದಿಷ್ಟು ಮುಂದೆ ಬಂದೆ. ಶೆಡ್ಡಿನ ಬಾಗಿಲು ತೆರೆದಿತ್ತು. ಹೊಗೆಯ ನಡುವೆ ಕ್ಯಾಬಿನ್ನಿನಲ್ಲಿ ಕೂತವನು ಕಂಡ. ನನ್ನ ಸೀಟು. ತಲೆಯ ಮೇಲೆ ನನ್ನ ಹಳೆಯ ನರಿಚರ್ಮದ ಟೊಪ್ಪಿ. ಲೋಟ ಎತ್ತಿ ನಿಧಾನವಾಗಿ ಏನೋ ಕುಡಿಯುತ್ತಿದ್ದ, ಮನೆಯವನ ಹಾಗೆ.

ನೀನು ಬರೆದಿದ್ದೆ. ನಾನು ಹೂಂ ಅನ್ನಬೇಡ ಎಂದಿದ್ದೆ. ಅನ್ನಬೇಡ ಎನ್ನಲು ನಾನು ಯಾರು? ಹತ್ತಿರ ಬಂದು ಮಾತಾಡಬಹುದಿತ್ತು. ಅವ್ವನನ್ನಾದರೂ ನೋಡಬಹುದಿತ್ತು. ಕಾಲು ಬರಲಿಲ್ಲ ಆನಿಸ್. ಟೊಪ್ಪಿ ನೋಡಿದ ಮೇಲೆ ಕಾಲು ಬರಲಿಲ್ಲ. ದಂಡೆಯ ಕೆಳಗಿಳಿದು ಹಾರ್ನ್ ಆಗುವ ತನಕ ನಿಂತಿದ್ದೆ.

ನನಗೆ ಸಿಟ್ಟಿಲ್ಲ. ಅವ್ವನಿಗೆ ದಾರಿಯಾಯಿತಲ್ಲ, ಅಷ್ಟೇ ಬೇಕಾಗಿದ್ದದ್ದು. ಇದು ಸಿಗುವ ಹೊತ್ತಿಗೆ ನೀವು ಹೊರಡುವುದರಲ್ಲಿರುತ್ತೀರಿ. ಅವನಿಗೆ ಹೇಳು, ಇಳಿಜಾರಿನಲ್ಲಿ ಎರಡನೇ ಗೇರಿನಿಂದ ಕೈ ತೆಗೆಯಬಾರದು, ಹಾರಿಹೋಗುತ್ತದೆ. ಅವ್ವನನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಯಾವ ವಾರ್ಡು ಎಂದು ತಿಳಿಸಿದರೆ ನೀವಿಲ್ಲದ ಹೊತ್ತು ನೋಡಿಕೊಂಡು ಹೋಗಿ ಬರುತ್ತೇನೆ.

ಯಾರು ಅವನು? ಒಳ್ಳೆಯವನೇ?

ಜೊಗೂರ್

*

ಕುರುಂಗ್,
ಏಪ್ರಿಲ್ ೧೭

ಜೊಗೂರ್,

ನಿನ್ನ ಕಾಗದ ಅಂಗಡಿಯವಳ ಕಪಾಟಿನಲ್ಲಿ ಕೂತು ಕೂತು ಮಾರ್ಚ್ ಮಧ್ಯದಲ್ಲಿ ನನ್ನ ಕೈ ಸೇರಿತು. ಅಷ್ಟು ಹೊತ್ತಿಗೆ ನನ್ನ ಫೆಬ್ರವರಿಯ ಕಾಗದವೂ ನಿನ್ನ ಕೈ ಸೇರಿರುತ್ತದೆ. ಓದಿಕೊಂಡು ನೀನು ಏನು ಮಾಡಿದೆಯೋ ನನಗೆ ಗೊತ್ತಿಲ್ಲ. ನಿನ್ನಿಂದ ಮತ್ತೆ ಏನೂ ಬರಲಿಲ್ಲ. ಹೊರಟಿದ್ದರೂ ಉಪಯೋಗವಿರಲಿಲ್ಲ.

ಅತ್ತೆ ಏಪ್ರಿಲ್ ಆರರಂದು ಹೋದರು. ಬಾಯ್ಲರ್ ನಿಂತ ಮೇಲೆ ಮಿತೆರೈ ಮಾವನ ಮರದ ಮನೆಗೆ ಅವರನ್ನು ಎಳೆಬಂಡಿಯಲ್ಲಿ ಮಲಗಿಸಿ ತಂದಿದ್ದೆವು. ಅಲ್ಲಿ ಮನೆ ಕಾಯಿಸುವ ದೊಡ್ಡ ಒಲೆ ಇದೆ. ಉರಿಸಲು ಪಕ್ಕದ ಖಾಲಿ ಮನೆಗಳ ಬಾಗಿಲುಗಳಿದ್ದವು. ಆದರೂ ಎದೆಗೆ ಶೀತ ಹಿಡಿಯಿತು. ನೆಲ ಕಲ್ಲಾಗಿತ್ತು. ಮೇಲೆ ಬೆಂಕಿ ಹಾಕಿ ಕರಗಿಸಿ, ತೋಡಿ, ಮತ್ತೆ ಬೆಂಕಿ ಹಾಕಿ, ನಾನು, ಮಾವ ಇಬ್ಬರೇ ಗುಂಡಿ ತೆಗೆದೆವು.

ನಡೆದದ್ದನ್ನು ಹೇಳುತ್ತೇನೆ, ನಿನಗೆ ಗೊತ್ತಿರಬೇಕು. ಇಪ್ಪತ್ತಕ್ಕೆ ನೀನು ಬರಲಿಲ್ಲ. ನಾಳೆ ಬರುತ್ತೀಯ ಎಂದುಕೊಂಡೆ. ಹಿಮಗಾಳಿ ಹಿಡಿದಿರಬಹುದು, ಕೆಸ್ಕಿಲ್‌ನ ಲಾರಿ ಕೆಟ್ಟಿರಬಹುದು ಎಂದುಕೊಂಡೆ. ಎಂಜಿನ್ ಓಡುತ್ತಲೇ ಇತ್ತು. ಮಾವ ದಿನಾ ಡ್ರಮ್ಮಿಗೆ ಕೋಲು ಅದ್ದಿ ನೋಡಿ ಬಂದು ಗೋಗರೆಯುತ್ತಿದ್ದರು: "ಆರಿಸ್ಬಿಡೋಣ ಕಣಮ್ಮ, ನೀರು ಬಸೀತೀನಿ, ದಾರಿಗಾದ್ರೂ ಉಳೀಲಿ." ಆರಿಸಿದರೆ ಮತ್ತೆ ಹೊತ್ತುವುದಿಲ್ಲ ಎಂದು ನೀನೇ ಬರೆದಿದ್ದೆ. ಅದು ಒಂದು ಕಾರಣ. ಇನ್ನೊಂದು ಅತ್ತೆ. ಆ ಸದ್ದು ಕೇಳುತ್ತಾ ಅವರು ಸೆಪ್ಟೆಂಬರಿನಿಂದೀಚೆಗೆ ಮೊದಲ ಸಲ ಹೊಟ್ಟೆ ತುಂಬ ಮಾಂಸದ ಸಾರು ಕುಡಿದಿದ್ದರು. "ಒಳಗ್ಯಾಕೆ ಬರ್ತಿಲ್ವೇ ಅವ್ನು?" ಎಂದರೆ, "ನಾಚ್ಕೆ ಅತ್ತೆ, ಇಷ್ಟ್ ದಿನ ಬಿಟ್ಟು ಬಂದಿದಾನಲ್ಲ" ಎನ್ನುತ್ತಿದ್ದೆ. "ನಾಚ್ಕೊಳ್ಲಿ ಬಿಡು, ಹೊಟ್ಟೆ ಹಸಿದ್ರೆ ತಾನಾಗೇ ಬರ್ತಾನೆ" ಎಂದು ನಗುತ್ತಿದ್ದರು. ಆ ನಗುವನ್ನು ನಾನು ಹೇಗೆ ಆರಿಸಲಿ, ಹೇಳು. ಡೀಸೆಲ್ ಹೋದರೂ ಹೋಗಲಿ ಎನಿಸಿಬಿಟ್ಟಿತು. ಹಾಗೆ ಎನಿಸಿದ್ದು ತಪ್ಪೋ ಸರಿಯೋ ಯೋಚಿಸುವುದನ್ನು ಬಿಟ್ಟಿದ್ದೇನೆ.

ಡೀಸೆಲ್ ಮುಗಿದದ್ದು ಫೆಬ್ರವರಿ ಕೊನೆಯಲ್ಲಿ, ಹಾಡಹಗಲಿನಲ್ಲಿ. ನಾನು ಅತ್ತೆಯ ತಲೆ ಬಾಚುತ್ತಿದ್ದೆ. ಸದ್ದು ಎರಡು ಸಲ ಎಳೆಯಿತು, ನಿಂತಿತು. ಅಷ್ಟು ದಿನ ಕೇಳಿದ ಮೇಲೆ ಆ ಮೌನಕ್ಕೆ ಕಿವಿ ನೋಯಿತು. ಅತ್ತೆ ಬಾಚಣಿಗೆ ಹಿಡಿದ ನನ್ನ ಕೈ ತಡೆದು ಕೇಳಿದರು:

"ಹೋದ್ನಾ?"

"ಹೂಂ ಅತ್ತೆ, ಹೋದ" ಎಂದೆ.

"ನಂಗೆ ಮುಖ ಕೂಡ ತೋರಿಸ್ದೇನೆ?"

ನಾನು ಅವರ ಜಡೆ ಹೆಣೆದು ಮುಗಿಸಿದೆ. ಅವತ್ತಿನಿಂದ ಅವರು ನಿನ್ನ ಹೆಸರು ಎತ್ತಲಿಲ್ಲ. ಸಾರು ಮುಂದಿಟ್ಟರೆ ಎರಡು ಚಮಚ ಕುಡಿದು ಗೋಡೆಯ ಕಡೆ ಹೊರಳುತ್ತಿದ್ದರು.

ಹೊಲಿಗೆ ಯಂತ್ರವೂ ಇಲ್ಲ, ಬಂದೂಕೂ ಇಲ್ಲ, ಮತ್ತೆ ಡೀಸೆಲ್ ಕೇಳಲು ನನ್ನ ಹತ್ತಿರ ಕೊಡುವಂಥದ್ದು ಏನೂ ಇರಲಿಲ್ಲ. ಮಾವ ನೀರು ಬಸಿಯಲು ಓಡಿದರು, ಪೊರೆ ಬಂದ ಕಣ್ಣಿನಲ್ಲಿ ತಡಕಾಡಿ ತುಕ್ಕು ಹಿಡಿದ ನಲ್ಲಿ ಬಿಡಿಸುವಷ್ಟರಲ್ಲಿ ಸಂಜೆಯಾಗಿ ಎಂಜಿನ್ ಸೀಳಿತ್ತು. ಇಲ್ಲಿಂದ ಹೊರಡುವುದಿದ್ದರೆ ನಾನು ಯಾವುದಾದರೂ ಲಾರಿಯಲ್ಲಿ ಕೂತು ಹೊರಡಬಹುದು, ನನ್ನ ಸೊಂಟ ಗಟ್ಟಿಯಿದೆ. ಮಾವ ಬರುವುದಿಲ್ಲ ಎನ್ನುತ್ತಾರೆ. ಕುರುಡರೊಬ್ಬರನ್ನು ಖಾಲಿ ಊರಿನಲ್ಲಿ ಬಿಟ್ಟು ಹೋಗಲು ನನಗೂ ಕಾಲು ಬರುತ್ತಿಲ್ಲ. ನದಿಯ ಹಿಮ ಕರಗಿ ದಾರಿಯ ಮೇಲೆ ನೀರು ನಿಲ್ಲತೊಡಗಿದೆ. ಈ ಕಾಗದ ಒಯ್ಯುವವನೇ ಕೊನೆಯವನು. ಆದ್ದರಿಂದ ಉತ್ತರ ಬರೆಯಬೇಡ, ತರುವವರಿಲ್ಲ.

ಯಾರು ಅವನು, ಒಳ್ಳೆಯವನೇ ಎಂದು ಕೇಳಿದ್ದೀಯ.

ಅದು ನಾನೇ, ಜೊಗೂರ್. ಶೆಡ್ಡಿನ ಚಳಿಗೆ ನಿನ್ನ ಟೊಪ್ಪಿ ಹಾಕಿಕೊಳ್ಳುತ್ತಿದ್ದೆ. ದಿನಾ ಬೆಳಿಗ್ಗೆ ಅತ್ತೆ ಹಾಲು ಹೆಚ್ಚಿಗೆ ಹಾಕಿಸಿ ನಿನಗೆಂದು ಚಹಾ ಕಳಿಸುತ್ತಿದ್ದರು. ಅದನ್ನು ಹಿಮಕ್ಕೆ ಚೆಲ್ಲಲು ಮನಸ್ಸಾಗದೆ ನಿನ್ನ ಸೀಟಿನಲ್ಲಿ ಕೂತು ನಾನೇ ಕುಡಿಯುತ್ತಿದ್ದೆ. ನಿಧಾನವಾಗಿ ಕುಡಿಯುತ್ತಿದ್ದೆ, ಬೇಗ ಮರಳಿದರೆ ಅವರಿಗೆ ಅನುಮಾನ ಬಂದೀತು. ಖಾಲಿ ಲೋಟ ಒಳಗೆ ತಂದ ಕೂಡಲೇ ಕೈ ಚಾಚಿ ಇಸಿದುಕೊಂಡು ತಳ ನೋಡುತ್ತಿದ್ದರು. "ಪೂರ್ತಿ ಕುಡಿದ್ನಾ?"

"ಪೂರ್ತಿ ಕುಡಿದ ಅತ್ತೆ."

ಆನಿಸ್